ಮೇಷ್ಟ್ರೇ ಶಿಷ್ಯರಾಗುವ ಹಿಮದೂರು

ಅಮೆರಿಕದ ಅಲಾಸ್ಕಾ ರಾಜ್ಯದ ನಕ್ಷೆಯಲ್ಲಿ ಉತ್ತರದ ತುದಿಯನ್ನು ಹುಡುಕಿ. ಬೋಫೋರ್ಟ್ ಸಮುದ್ರದ ಅಂಚಿನಲ್ಲಿ, ಕೆನಡಾದ ಗಡಿಗೆ ಹತ್ತಿರದಲ್ಲಿ, ಬಾರ್ಟರ್ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಅದರ ಮೇಲಿರುವ ಒಂದೇ ಊರು ಕಾಕ್ಟೋವಿಕ್. ೨೦೨೦ರ ಜನಗಣತಿಯಲ್ಲೂ ಊರಿನ ಜನಸಂಖ್ಯೆ ಮುನ್ನೂರು ಮುಟ್ಟಲಿಲ್ಲ. ಅಲ್ಲಿಗೆ ರಸ್ತೆಯಿಲ್ಲ, ರೈಲಿಲ್ಲ. ಹವಾಮಾನ ಒಪ್ಪಿದ ದಿನ ಪುಟ್ಟ ವಿಮಾನವೊಂದು ಬಂದಿಳಿಯುತ್ತದೆ, ಒಪ್ಪದ ದಿನ ಅದೂ ಇಲ್ಲ. ಅಲಾಸ್ಕಾದ ಉತ್ತರ ಕರಾವಳಿಯಲ್ಲಿ ಇಂಥ ಊರುಗಳು ಇನ್ನೂ ಕೆಲವಿವೆ. ಊರು ಎಷ್ಟೇ ಚಿಕ್ಕದಿರಲಿ, ಅಲ್ಲೊಂದು ಶಾಲೆಯುಂಟು. ಶಾಲೆ ಇದ್ದ ಮೇಲೆ ಮೇಷ್ಟ್ರೂ ಬೇಕಲ್ಲ!

ಈ ಮೇಷ್ಟ್ರುಗಳಲ್ಲಿ ಹೆಚ್ಚಿನವರು ಹೊರಗಿನವರು. ಸಾವಿರಾರು ಕಿಲೋಮೀಟರು ದೂರದ ದಕ್ಷಿಣದ ರಾಜ್ಯಗಳಲ್ಲಿ ಓದಿ, ಪದವಿ ಪಡೆದು, ಒಳ್ಳೆಯ ಸಂಬಳ ಮತ್ತು ಸಾಹಸದ ಆಸೆಯಿಂದ ಇಲ್ಲಿಗೆ ಬರುತ್ತಾರೆ. ಆಗಸ್ಟ್ ತಿಂಗಳಲ್ಲಿ ಶಾಲೆ ಶುರು. ವಿಮಾನದಿಂದ ಇಳಿದವರಿಗೆ ಮೊದಲು ಕಾಣುವುದು ಮರವಿಲ್ಲದ ನೆಲ. ಕಣ್ಣು ಹಾಯುವವರೆಗೂ ಹುಲ್ಲು, ಪಾಚಿ, ಜೌಗು. ಇದೇ ತುಂಡ್ರಾ. ಎರಡನೆಯದಾಗಿ ಕಾಣುವುದು ಕಂಬಗಳ ಮೇಲೆ ನಿಂತ ಮನೆಗಳು. ಇದು ಅಂದಕ್ಕಾಗಿ ಮಾಡಿದ್ದಲ್ಲ. ಇಲ್ಲಿನ ನೆಲ ಒಂದು ಮೊಳ ಅಗೆದರೆ ಸಾಕು, ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಮನೆಯನ್ನು ನೇರವಾಗಿ ನೆಲದ ಮೇಲೆ ಕಟ್ಟಿದರೆ ಒಳಗಿನ ಬಿಸಿ ಕೆಳಗಿಳಿದು ಆ ಹೆಪ್ಪನ್ನು ಕರಗಿಸುತ್ತದೆ, ಗೋಡೆ ವಾಲುತ್ತದೆ. ಕಂಬಗಳ ನಡುವೆ ತಣ್ಣನೆಯ ಗಾಳಿ ಆಡುತ್ತಿದ್ದರೆ ನೆಲ ಗಟ್ಟಿಯಾಗಿ ಉಳಿಯುತ್ತದೆ. ನಮ್ಮಲ್ಲಿ ಪಾಯ ಎಷ್ಟು ಆಳವೋ ಮನೆ ಅಷ್ಟು ಭದ್ರ ಎನ್ನುವವರಿಗೆ ಇದು ತಮಾಷೆಯಾಗಿ ತೋರಬಹುದು.

ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ 'ಎಸ್ಕಿಮೋ' ಎಂದೊಡನೆ ಹಿಮದ ಇಗ್ಲೂ ಚಿತ್ರ ಬರುತ್ತಿತ್ತು. ಇಲ್ಲಿನ ಜನ ತಮ್ಮನ್ನು ಇನ್ಯುಪಿಯಾಟ್ ಎಂದು ಕರೆದುಕೊಳ್ಳುತ್ತಾರೆ. ಇವರ ಹಿರಿಯರ ಮನೆಗಳು ಹಿಮದವಲ್ಲ; ತಿಮಿಂಗಿಲದ ಮೂಳೆ, ತೇಲಿಬಂದ ಮರದ ದಿಮ್ಮಿ ಇಟ್ಟು ಮೇಲೆ ಹುಲ್ಲುಹೆಂಟೆ ಹೊದಿಸಿದವು. ಈಗಿನವು ಮರದ ಹಲಗೆಯ ಮನೆಗಳು. ಒಳಗೆ ವಿದ್ಯುತ್ತು, ಟೀವಿ ಎಲ್ಲ ಉಂಟು. ಆದರೆ ಸೀಮೆ ಎಣ್ಣೆಯಿಂದ ಹಿಡಿದು ಮೊಳೆಯವರೆಗೆ ಎಲ್ಲವೂ ಹೊರಗಿನಿಂದ ಬರಬೇಕು. ಭಾರದ ಸಾಮಾನು ಸಮುದ್ರ ಕರಗುವ ಬೇಸಿಗೆಯ ಕೆಲವು ವಾರಗಳಲ್ಲಿ ದೋಣಿಯಲ್ಲಿ ಬಂದರೆ, ಉಳಿದದ್ದು ವಿಮಾನದಲ್ಲಿ. ಹಾಗಾಗಿ ಅಂಗಡಿಯಲ್ಲಿ ಒಂದು ಸೇಬಿನ ಬೆಲೆ ಕೇಳಿದ ಹೊಸ ಮೇಷ್ಟ್ರು ಅದನ್ನು ಮೆಲ್ಲಗೆ ಬುಟ್ಟಿಗೆ ಹಿಂದಿಡುತ್ತಾರೆ. ಅನುಭವಸ್ಥರು ಬೇಸಿಗೆಯಲ್ಲೇ ವರ್ಷದ ದಿನಸಿಯನ್ನು ಅಂಚೆಯಲ್ಲಿ ಕಳಿಸಿಕೊಂಡಿರುತ್ತಾರೆ.

ಮೊದಲ ವಾರ ತರಗತಿಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಮಕ್ಕಳು ಬಾಯಿ ಬಿಡುವುದಿಲ್ಲ. ಇನ್ನೊಮ್ಮೆ ಕೇಳಿದರೂ ಅದೇ ಮೌನ. ಈ ಮಕ್ಕಳಿಗೆ ಪಾಠ ಅರ್ಥವಾಗಿಲ್ಲವೆಂದೋ, ಮರ್ಯಾದೆ ತಿಳಿಯದೆಂದೋ ಅವರು ಭಾವಿಸುವುದುಂಟು. ನಿಜ ಸಂಗತಿ ಎಂದರೆ ಮಕ್ಕಳು ಆಗಲೇ ಉತ್ತರ ಕೊಟ್ಟಾಗಿದೆ. ಇಲ್ಲಿ ಹುಬ್ಬು ಮೇಲೆತ್ತಿದರೆ 'ಹೌದು', ಮೂಗು ಮುರಿದಂತೆ ಸುಕ್ಕು ಮಾಡಿದರೆ 'ಇಲ್ಲ'. ಮುಖವನ್ನು ಓದಲು ಬಾರದ ಮೇಷ್ಟ್ರಿಗೆ ಇಡೀ ತರಗತಿ ಮೂಕವಾಗಿ ಕಾಣುತ್ತದೆ.

ನವೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಮುಳುಗಿದರೆ ಮತ್ತೆ ಕಾಣಿಸುವುದು ಜನವರಿಯ ನಡುವಿನಲ್ಲಿ. ಎರಡು ತಿಂಗಳ ಗಾಢಾಂಧಕಾರ ಎಂದು ಹೆದರಬೇಕಿಲ್ಲ. ನಡುಹಗಲಿಗೆ ದಕ್ಷಿಣದ ದಿಗಂತ ನಮ್ಮ ಮುಂಜಾವಿನಂತೆ ಕೆಂಪೇರಿ ಕೆಲವು ಗಂಟೆ ಬೆಳಕು ಕೊಡುತ್ತದೆ. ಆದರೆ ಮಕ್ಕಳು ಶಾಲೆಗೆ ಬರುವುದೂ ಕತ್ತಲಲ್ಲಿ, ಹೋಗುವುದೂ ಕತ್ತಲಲ್ಲಿ. ಮೇ ತಿಂಗಳ ನಡುವಿನಿಂದ ಇದರ ತದ್ವಿರುದ್ಧ: ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ಆಗ ರಾತ್ರಿ ಹನ್ನೆರಡಕ್ಕೆ ಮಕ್ಕಳು ಬೀದಿಯಲ್ಲಿ ಆಡುತ್ತಿರುತ್ತಾರೆ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವವರನ್ನು ಗದರಿ ಏನು ಪ್ರಯೋಜನ?

ಚಳಿಯ ವಿಷಯಕ್ಕೆ ಬಂದರೆ, ಸೊನ್ನೆಗಿಂತ ೩೦ ಡಿಗ್ರಿ ಸೆಲ್ಸಿಯಸ್ ಕೆಳಗೆ ಎಂಬುದು ಇಲ್ಲಿ ವಿಶೇಷ ಸುದ್ದಿಯಲ್ಲ. ಅದು ಸೊನ್ನೆಗಿಂತ ೪೦ ಕೆಳಗೆ ಇಳಿದಾಗ ವಿಜ್ಞಾನದ ಮೇಷ್ಟ್ರಿಗೆ ಒಂದು ಅನುಕೂಲವಿದೆ: ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಎರಡೂ ಮಾಪಕಗಳು ಒಂದೇ ಅಂಕಿ ತೋರಿಸುವ ಜಾಗ ಅದೊಂದೇ. ಲೆಕ್ಕ ಕಪ್ಪುಹಲಗೆಯ ಮೇಲೆ, ಪ್ರಯೋಗ ಬಾಗಿಲಾಚೆ. ಉಡುಪಿನಲ್ಲೂ ಎಷ್ಟು ವಿಜ್ಞಾನ! ಕ್ಯಾರಿಬೂ ಎಂಬ ಹಿಮಸಾರಂಗದ ಕೂದಲೊಳಗೆ ಗಾಳಿ ತುಂಬಿದ ಪುಟ್ಟ ಪುಟ್ಟ ಕೋಶಗಳಿವೆ. ಗಾಳಿ ಶಾಖವನ್ನು ಸುಲಭವಾಗಿ ಬಿಟ್ಟುಕೊಡದು, ಹಾಗಾಗಿ ಆ ಚರ್ಮದ ಅಂಗಿ ಬೆಚ್ಚಗೆ. ತಲೆಗವಸಿನ ಅಂಚಿಗೆ ಮಾತ್ರ ವುಲ್ವರೀನ್ ಎಂಬ, ನೀರುನಾಯಿಯ ಬಳಗದ ಪ್ರಾಣಿಯ ತುಪ್ಪಳವೇ ಆಗಬೇಕು. ಉಸಿರಿನ ತೇವ ಅದರ ಮೇಲೆ ಹೆಪ್ಪುಗಟ್ಟಿದರೂ ಕೈಯಿಂದ ಕೊಡವಿದರೆ ಉದುರುತ್ತದೆ. ಇದನ್ನು ಕಂಡುಕೊಂಡವರು ಯಾವ ಪ್ರಯೋಗಾಲಯದವರೂ ಅಲ್ಲ, ಸೂಜಿ ಹಿಡಿದ ಅಜ್ಜಿಯರು.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಪಾಠ ಅರ್ಧಕ್ಕೆ ನಿಲ್ಲುತ್ತದೆ. ತಿಮಿಂಗಿಲ ಸಿಕ್ಕಿತು! ಕಾಕ್ಟೋವಿಕ್‌ನವರಿಗೆ ವರ್ಷಕ್ಕೆ ಮೂರು ಬೋಹೆಡ್ ತಿಮಿಂಗಿಲ ಹಿಡಿಯಲು ಅನುಮತಿಯುಂಟು. ದಡಕ್ಕೆ ಎಳೆದು, ಕೊಯ್ದು, ಊರಿನವರಿಗೆಲ್ಲ ಪಾಲು ಹಂಚುತ್ತಾರೆ. ಅದರ ಕಪ್ಪು ಚರ್ಮ ಮತ್ತು ಕೊಬ್ಬಿನ ಪದರಕ್ಕೆ ಮಕ್ತಾಕ್ ಎಂದು ಹೆಸರು. ಸೊಪ್ಪು ತರಕಾರಿ ಬೆಳೆಯದ ಈ ಸೀಮೆಯಲ್ಲಿ ಜನ ಸ್ಕರ್ವಿ ರೋಗದಿಂದ ನರಳದೆ ಬಾಳಿದ್ದು ಹೇಗೆ ಎಂಬ ಒಗಟಿಗೆ ಉತ್ತರ ಇದರಲ್ಲೂ ಇದೆ: ಮಕ್ತಾಕ್‌ನಲ್ಲಿ ವಿಟಮಿನ್ ಸಿ ಇದೆ. ಮೂಳೆಗಳ ವಾಸನೆಗೆ ಹಿಮಕರಡಿಗಳು ಊರಂಚಿಗೆ ಬರುತ್ತವೆ. ಅವನ್ನು ಓಡಿಸಲು ಗಸ್ತಿನವರಿದ್ದಾರೆ. ಶಾಲೆಗೆ ಹೋಗುವ ಮುನ್ನ ಮೇಷ್ಟ್ರು ಬಾಗಿಲು ತೆರೆದು ಎಡಕ್ಕೂ ಬಲಕ್ಕೂ ನೋಡುವುದು ವಾಹನಗಳಿಗಾಗಿ ಅಲ್ಲ!

ಈ ತಿಮಿಂಗಿಲದ ಹಿಂದೆ ವಿಜ್ಞಾನ ಬೋಧಿಸುವವರೆಲ್ಲ ತಿಳಿಯಬೇಕಾದ ಒಂದು ಕಥೆಯಿದೆ. ೧೯೭೭ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಈ ಬೇಟೆಯನ್ನೇ ನಿಷೇಧಿಸಿತು. ಉಳಿದಿರುವ ಬೋಹೆಡ್‌ಗಳು ಎರಡು ಸಾವಿರಕ್ಕೂ ಕಡಿಮೆ ಎಂಬುದು ತಜ್ಞರ ಅಂದಾಜಾಗಿತ್ತು. 'ಇಲ್ಲ, ನಿಮ್ಮ ಲೆಕ್ಕ ತಪ್ಪು' ಎಂದರು ಬೇಟೆಗಾರರು. ನೀವು ದಡದ ಹತ್ತಿರದ ತೆರೆದ ನೀರಿನಲ್ಲಿ ಹೋಗುವುದನ್ನಷ್ಟೇ ಎಣಿಸುತ್ತೀರಿ. ಅವು ಮಂಜುಗಡ್ಡೆಯ ಕೆಳಗೂ ಈಜುತ್ತವೆ, ತಲೆಯಿಂದ ಗಡ್ಡೆ ಒಡೆದು ಉಸಿರಾಡುತ್ತವೆ, ದೂರ ಸಮುದ್ರದಲ್ಲೂ ಸಾಗುತ್ತವೆ ಎಂಬುದು ಅವರ ವಾದ. ಬ್ಯಾರೋ ಊರಿನ ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ಇದನ್ನು ವಿಜ್ಞಾನಿ ಟಾಮ್ ಆಲ್ಬರ್ಟ್ ಅವರಿಗೆ ತಾಳ್ಮೆಯಿಂದ ವಿವರಿಸಿದರು. ಆಲ್ಬರ್ಟ್ ಕಿವಿಗೊಟ್ಟರು. ನೀರಿನೊಳಗೆ ಧ್ವನಿಗ್ರಾಹಕಗಳನ್ನು ಇಳಿಬಿಟ್ಟು ತಿಮಿಂಗಿಲಗಳ ಕೂಗನ್ನು ದಾಖಲಿಸಿದಾಗ ಬೇಟೆಗಾರರ ಮಾತೇ ನಿಜವಾಯಿತು. ೨೦೧೧ರ ಗಣತಿಯಲ್ಲಿ ಸಿಕ್ಕ ಅಂದಾಜು ಹತ್ತಿರ ಹತ್ತಿರ ಹದಿನೇಳು ಸಾವಿರ. ತಿಮಿಂಗಿಲಗಳು ವೃದ್ಧಿಸಿದ್ದೂ ನಿಜ, ಮೊದಲ ಎಣಿಕೆ ಕುರುಡಾಗಿದ್ದೂ ನಿಜ.

ಇಷ್ಟು ಕೇಳಿದ ಮೇಲೂ ಹೊರಗೆ ಹೋಗುವಾಗ ಊರಿನವರ ಮಾತು ಕೇಳದ ಮೇಷ್ಟ್ರುಗಳು ಇರುತ್ತಾರೆ! ವಸಂತದಲ್ಲಿ, ಏಪ್ರಿಲ್ ಸುಮಾರಿಗೆ, ಕಾಕ್ಟೋವಿಕ್ ಜನ ಹಿಮದ ಮೇಲೆ ಓಡುವ ಮೋಟಾರು ಬಂಡಿಗೆ ಜಾರುಬಂಡಿ ಕಟ್ಟಿಕೊಂಡು ದಕ್ಷಿಣದ ಬ್ರೂಕ್ಸ್ ಪರ್ವತಗಳ ಕಡೆಗೆ, ಹುಲಾಹುಲಾ ನದಿಗೆ ಮೀನಿಗಾಗಿ ಹೋಗುತ್ತಾರೆ. ನದಿಯ ಹೆಸರು ಹವಾಯಿ ದ್ವೀಪಗಳ ನೃತ್ಯದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಿಮಿಂಗಿಲದ ಹಡಗುಗಳಲ್ಲಿ ಬಂದ ನಾವಿಕರು ಇಟ್ಟದ್ದು. ಹೆಪ್ಪುಗಟ್ಟಿದ ನದಿಯಲ್ಲಿ ತೂತು ಕೊರೆದು, ದಾರ ಇಳಿಬಿಟ್ಟು ಕೂತರೆ ಮೀನು ಸಿಗುತ್ತದೆ.

ಇಂಥ ಪಯಣಕ್ಕೆ ಹೊಸ ಮೇಷ್ಟ್ರನ್ನು ಕರೆದೊಯ್ಯುವ ಹಿರಿಯರು ಮೊದಲು ಹೇಳುವ ಮಾತು, 'ಅವಸರ ಬೇಡ, ಬೆವರಬೇಡಿ.' ಬೆವರಿದರೆ ಒಳಬಟ್ಟೆ ಒದ್ದೆ; ನಿಂತೊಡನೆ ಆ ಒದ್ದೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಹತ್ತಿಯ ಬಟ್ಟೆಯಂತೂ ಇಲ್ಲಿ ಶತ್ರು. ಎರಡನೆಯ ಪಾಠ ನದಿಯದು. ಮೇಲೆ ಗಟ್ಟಿ ಗಡ್ಡೆ, ಅದರ ಮೇಲೆ ಮೆತ್ತನೆಯ ಹಿಮ, ನೋಡಲು ಸಮತಟ್ಟು. ಆದರೆ ಗಡ್ಡೆ ದಪ್ಪವಾಗುತ್ತಾ ಕೆಳಗಿನ ನೀರನ್ನು ಒತ್ತುತ್ತದೆ. ಆ ನೀರು ಬಿರುಕಿನಿಂದ ಮೇಲೆದ್ದು ಹಿಮದ ಹೊದಿಕೆಯ ಅಡಿ ಹರಿದು ನಿಂತಿರುತ್ತದೆ. ಹಿಮ ಕಂಬಳಿಯಂತೆ ಕಾಯುವುದರಿಂದ ಅದು ಬೇಗ ಹೆಪ್ಪುಗಟ್ಟುವುದಿಲ್ಲ. ತಿಳಿಯದೆ ಬಂಡಿ ನುಗ್ಗಿಸಿದರೆ ಮೊಣಕಾಲಿನವರೆಗೆ ನೀರು! ಕಾಲು ನೆನೆದವನನ್ನು ಥಟ್ಟನೆ ಒಣ ಹಿಮದಲ್ಲಿ ಹೊರಳಾಡಲು ಹೇಳುತ್ತಾರೆ. ಒಣ ಹಿಮ ಶಾಯಿ ಹೀರುವ ಕಾಗದದಂತೆ ನೀರನ್ನು ಎಳೆದುಕೊಳ್ಳುತ್ತದೆ. ಬಳಿಕ ಬೂಟು, ಕಾಲುಚೀಲ ಬದಲಿಸಬೇಕು. ಬದಲಿ ಜೊತೆ ತಂದಿಲ್ಲದವನ ಬೆರಳು ಉಳಿಯುವುದು ಅವನ ಪುಣ್ಯ.

ದಾರಿ ತಪ್ಪುವುದೂ ಸುಲಭ. ಮೋಡ ಕವಿದು ಗಾಳಿ ಎದ್ದರೆ ನೆಲ ಯಾವುದು, ಆಕಾಶ ಯಾವುದು ಗೊತ್ತಾಗುವುದಿಲ್ಲ. ಹಾಲಿನ ಲೋಟದೊಳಗೆ ಕುಳಿತಂತೆ. ಆಗ ಹಿರಿಯರು ಕೆಳಗೆ ಬಗ್ಗಿ ನೋಡುತ್ತಾರೆ. ಚಳಿಗಾಲವಿಡೀ ಒಂದೇ ದಿಕ್ಕಿನಿಂದ ಬೀಸುವ ಗಾಳಿ ಹಿಮವನ್ನು ಸಾಲು ಸಾಲು ಏಣುಗಳಾಗಿ ಕೊರೆದಿರುತ್ತದೆ. ಆ ಏಣುಗಳನ್ನು ಒಂದೇ ಕೋನದಲ್ಲಿ ದಾಟುತ್ತಾ ಹೋದರೆ ದಿಕ್ಕು ತಪ್ಪದು. ಶಾಲೆಯಲ್ಲಿ ಕೋನಮಾಪಕ ಹಿಡಿದು ಕಲಿಸುವ ಮೇಷ್ಟ್ರು ಅದರ ನಿಜವಾದ ಬಳಕೆಯನ್ನು ಇಲ್ಲಿ ನೋಡುತ್ತಾರೆ. ಸೋಮವಾರ ತರಗತಿಯಲ್ಲಿ ಅದನ್ನೇ ಲೆಕ್ಕವಾಗಿ ಕೊಟ್ಟರೆ ಯಾವ ಮಗುವೂ ತೂಕಡಿಸುವುದಿಲ್ಲ.

ಇಲ್ಲಿನ ಶಾಲೆಗಳು ಯಾವಾಗಲೂ ಹೀಗೆ ಕಲಿಯುವ ಮನಸ್ಸಿನವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಅಲಾಸ್ಕಾದ ಶಾಲೆಗಳಲ್ಲಿ ತಾಯ್ನುಡಿ ಆಡಿದ ಮಕ್ಕಳಿಗೆ ಶಿಕ್ಷೆ ಕಾದಿರುತ್ತಿತ್ತು. ಎಷ್ಟೋ ಹಳ್ಳಿಗಳಲ್ಲಿ ಎಂಟನೆಯ ತರಗತಿಯಾಚೆ ಶಾಲೆಯೇ ಇರಲಿಲ್ಲ. ಮುಂದೆ ಓದಬೇಕೆಂದರೆ ಸಿಟ್ಕಾದ ವಸತಿಶಾಲೆಗೋ, ರಾಜ್ಯದ ಹೊರಗೆ ಆರೆಗಾನ್‌ಗೋ ಹೋಗಬೇಕು. ಹದಿನಾಲ್ಕು ವರ್ಷದ ಮಗು ಆಗಸ್ಟ್‌ನಲ್ಲಿ ಮನೆ ಬಿಟ್ಟರೆ ಮರಳುವುದು ಮೇ ತಿಂಗಳಿಗೆ. ಆ ಹೊತ್ತಿಗೆ ತಿಮಿಂಗಿಲದ ಕಾಲ, ಮೀನಿನ ಕಾಲ ಯಾವುದೂ ಅದರ ಪಾಲಿಗಿಲ್ಲ. ಮಾಲಿ ಹೂಚ್ ಎಂಬ ಹುಡುಗಿಯ ಹೆಸರಿನಲ್ಲಿ ೧೯೭೨ರಲ್ಲಿ ಮೊಕದ್ದಮೆ ಹೂಡಲಾಯಿತು. ೧೯೭೬ರ ರಾಜಿಯ ಪ್ರಕಾರ, ಬಯಸುವ ೧೨೬ ಹಳ್ಳಿಗಳಲ್ಲಿ ಪ್ರೌಢಶಾಲೆ ತೆರೆಯಲು ಸರ್ಕಾರ ಒಪ್ಪಿತು. ಕಂಬಗಳ ಮೇಲೆ ನಿಂತ ಪುಟ್ಟ ಶಾಲೆಗಳನ್ನು ಕಂಡು 'ಇಷ್ಟು ಮಕ್ಕಳಿಗೆ ಇಷ್ಟು ಖರ್ಚೇ?' ಎನ್ನುವವರು ಈ ಇತಿಹಾಸ ಓದಬೇಕು.

ಶಾಲೆಯೇನೋ ಬಂತು, ಮೇಷ್ಟ್ರು ನಿಲ್ಲಬೇಕಲ್ಲ? ಒಂದೆರಡು ವರ್ಷದಲ್ಲಿ ಗಂಟುಮೂಟೆ ಕಟ್ಟುವವರೇ ಹೆಚ್ಚು. ಕತ್ತಲು, ಒಂಟಿತನ, ದೂರದ ಮನೆಯವರು, ಹೀಗೆ ಕಾರಣಗಳು ನೂರು, ಯಾರನ್ನೂ ದೂರುವಂತಿಲ್ಲ. ಆದರೆ ಮಕ್ಕಳ ಲೆಕ್ಕವೇ ಬೇರೆ. ಹೊಸ ಮೇಷ್ಟ್ರನ್ನು ಅವರು ಕೇಳುವ ಪ್ರಶ್ನೆ, 'ಮುಂದಿನ ವರ್ಷವೂ ಇರ್ತೀರಾ ಸರ್?' ಪ್ರತಿ ವರ್ಷ ಹೊಸ ಮುಖವನ್ನು ನಂಬಿ, ಪ್ರತಿ ಮೇ ತಿಂಗಳಲ್ಲೂ ವಿಮಾನ ಹತ್ತಿಸಿ ಬಂದ ಮಗು ಮುಂದಿನವರಿಗೆ ಬೇಗ ಮನಸ್ಸು ಕೊಡುವುದಿಲ್ಲ. ನಾಲ್ಕೈದು ವರ್ಷ ನಿಂತವರನ್ನು ನೋಡಿದರೆ ಹೆಚ್ಚಿನವರು ಶನಿವಾರ ಮನೆಯೊಳಗೆ ಕೂರದವರು. ಮೀನಿಗೆ ಹೋದವರು, ಮಾಂಸ ಕೊಯ್ಯಲು ಕೈಜೋಡಿಸಿದವರು, ಅಜ್ಜಿಯರ ಮನೆಯಲ್ಲಿ ಚಹಾ ಕುಡಿದವರು.

ಹೀಗೆ ಕಲಿಯಲು ಒಪ್ಪಿದ ತರಗತಿಯಲ್ಲಿ ಏನಾಗಬಹುದು ಎಂಬುದಕ್ಕೆ ಕಾಕ್ಟೋವಿಕ್‌ನಲ್ಲೇ ಒಂದು ಉದಾಹರಣೆಯಿದೆ. ಅಲ್ಲಿನ ಶಾಲೆಗೆ ಹೆರಾಲ್ಡ್ ಕವಿಯೋಲುಕ್ ಅವರ ಹೆಸರಿದೆ. ಇನ್ಯುಪಿಯಾಟ್ ಜನರವರೇ ಆದ ಅವರು ೧೯೫೧ರಲ್ಲಿ ಇಲ್ಲಿ ಪಾಠ ಹೇಳಲು ತೊಡಗಿದವರು. ೧೯೯೪ರಲ್ಲಿ ಇದೇ ಶಾಲೆಯ ಮಾಧ್ಯಮಿಕ ವಿಭಾಗದಲ್ಲಿದ್ದದ್ದು ಒಂಬತ್ತೇ ಮಕ್ಕಳು. ಗಣಿತದ ಮೇಷ್ಟ್ರು ವಿಲಿಯಂ ಬಾರ್ಟ್ಲಿ ಬೇರೆ ಬೇರೆ ಎಣಿಕೆ ಪದ್ಧತಿಗಳ ಬಗ್ಗೆ ಹೇಳುತ್ತಿದ್ದಾಗ ಮಕ್ಕಳಿಗೆ ಹೊಳೆಯಿತು: ನಮ್ಮ ಭಾಷೆಯ ಎಣಿಕೆ ಹತ್ತರದ್ದಲ್ಲ, ಇಪ್ಪತ್ತರದ್ದು! ಐದಕ್ಕೆ 'ತಲ್ಲಿಮಾತ್', ಅದು ತೋಳು ಎಂಬ ಪದದಿಂದ ಬಂದದ್ದು. ಇಪ್ಪತ್ತಕ್ಕೆ ಇರುವ ಪದ ಮನುಷ್ಯ ಎಂಬುದರಿಂದ ಹುಟ್ಟಿದ್ದು. ಕೈಕಾಲುಗಳ ಬೆರಳೆಲ್ಲ ಮುಗಿದರೆ ಒಬ್ಬ ಇಡೀ ಮನುಷ್ಯ. ಇದನ್ನು ಬರೆಯಲು ನಾವೆಲ್ಲ ಬಳಸುವ ಹತ್ತು ಅಂಕಿಗಳು ಸಾಲವು. ಇಪ್ಪತ್ತು ಗುರುತುಗಳು ಬೇಕು.

ಮೇಷ್ಟ್ರು ಉತ್ತರ ಹೇಳಲಿಲ್ಲ. ಮಕ್ಕಳು ಮೊದಲು ಹಳೆಯ ಅಂಕಿಗಳ ಜೊತೆಗೆ ಹತ್ತು ಹೊಸ ಗುರುತು ಸೇರಿಸಿ ನೋಡಿದರು, ನೆನಪಿಡುವುದು ಕಷ್ಟವಾಯಿತು. ಕೊನೆಗೆ ತಾವೇ ಎಲ್ಲವನ್ನೂ ರಚಿಸಿದರು. ಒಂದು ಗೆರೆ ಒಂದು, ಎರಡು ಗೆರೆ ಕೂಡಿದರೆ ಎರಡು, ನಾಲ್ಕರವರೆಗೆ ಹೀಗೆ ಅಂಕುಡೊಂಕು. ಐದಾದರೆ ತಲೆಯ ಮೇಲೆ ಅಡ್ಡ ಗೆರೆ. ಹೀಗೆ ಹತ್ತೊಂಬತ್ತರವರೆಗೆ. ಸೊನ್ನೆಗೂ ಒಂದು ಗುರುತು. ಲೇಖನಿ ಎತ್ತದೆ ಬರೆಯಬಹುದು. ಅಂಕಿಯನ್ನು ನೋಡಿದರೇ ಅದರ ಬೆಲೆ ಕಾಣುತ್ತದೆ. ನಮ್ಮ ೫ ಎಂಬ ಅಂಕಿಯಲ್ಲಿ ಐದು ಎಲ್ಲಿದೆ ಹೇಳಿ? ಶಾಲೆಯ ಕಾರ್ಯಾಗಾರದಲ್ಲಿ ಮಣಿಚೌಕಟ್ಟು ಮಾಡಿಕೊಂಡರು. ಭಾಗಾಕಾರವೂ ಚಿತ್ರ ಹೊಂದಿಸುವ ಆಟದಂತಾಯಿತು. ಕೆಳಗಿನ ತರಗತಿಗಳಿಗೆ ಇವರೇ ಕಲಿಸಿದರು. ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಬಹಳ ಹಿಂದಿದ್ದ ಈ ಶಾಲೆಯ ಮಕ್ಕಳು ೧೯೯೭ರ ಹೊತ್ತಿಗೆ ಗಣಿತದಲ್ಲಿ ದೇಶದ ಸರಾಸರಿಯನ್ನು ದಾಟಿದ್ದರು.

೧೯೯೮ರಲ್ಲಿ ಇನ್ಯುಯಿಟ್ ಜನರ ಅಂತರರಾಷ್ಟ್ರೀಯ ಮಂಡಳಿ ಈ ಅಂಕಿಗಳನ್ನು ಬಳಸಲು ಶಿಫಾರಸು ಮಾಡಿತು. ೨೦೨೦ರ ಫೆಬ್ರುವರಿಯಲ್ಲಿ ಕಾಕ್ಟೋವಿಕ್‌ನ ಶಾಲೆ ಬೆಂಕಿಗೆ ಆಹುತಿಯಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಜಗತ್ತಿನ ಲಿಪಿಗಳೆಲ್ಲವನ್ನೂ ಕಂಪ್ಯೂಟರಿಗೆ ಹೊಂದಿಸುವ ಯೂನಿಕೋಡ್ ಪಟ್ಟಿಯಲ್ಲಿ ಇಪ್ಪತ್ತೂ ಗುರುತುಗಳಿಗೆ 'ಕಾಕ್ಟೋವಿಕ್ ಅಂಕಿಗಳು' ಎಂಬ ಹೆಸರಿನಲ್ಲೇ ಜಾಗ ಸಿಕ್ಕಿತು. ನಮ್ಮ ೧, ೨, ೩ ಇರುವ ಅದೇ ಪಟ್ಟಿಯಲ್ಲಿ. ಅವನ್ನು ಗೀಚಿದ ಆ ಒಂಬತ್ತು ಮಕ್ಕಳು ಈಗ ನಲವತ್ತು ದಾಟಿದ್ದಾರೆ.