ಅಡುಗೆಮನೆಯ ಭಾರ ಮತ್ತು ಇನ್ವರ್ಟರ್

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಒಳ ಊರುಗಳಲ್ಲಿ ಕರೆಂಟು ಹೋಗುವುದು ಹೊಸ ಸಂಗತಿಯೇನಲ್ಲ. ಗಾಳಿಗೆ ಒಂದು ಅಡಿಕೆ ಮರವೋ ರಬ್ಬರಿನ ಗೆಲ್ಲೋ ತಂತಿಯ ಮೇಲೆ ಬಿದ್ದರೆ ತೋಟದ ನಡುವಿನ ಒಂಟಿ ಮನೆಗಳಿಗೆ ಒಮ್ಮೊಮ್ಮೆ ಎರಡು ಮೂರು ದಿನ ಕತ್ತಲೆ. ಆದುದರಿಂದಲೇ ಹಲವು ಕೃಷಿಕರ ಮನೆಗಳಿಗೆ ಇನ್ವರ್ಟರ್ ಬಂದಿದೆ. ದೀಪ, ಫ್ಯಾನುಗಳಿಗೆ ಅದು ಸಾಕು. ಮಸಾಲೆ ಅರೆಯಲು ಮಿಕ್ಸಿ ತಿರುಗಿಸಿದೊಡನೆ ಕೀ ಕೀ ಎಂದು ಕೂಗಿ ಇಡೀ ಮನೆಯನ್ನೇ ಕತ್ತಲೆ ಮಾಡುತ್ತದೆ. ಕೆಲವರು ಆಗ ಪೇಟೆಗೆ ಹೋಗಿ, ಹತ್ತು ಸಾವಿರಕ್ಕೂ ಮೇಲ್ಪಟ್ಟು ಹಣ ಕೊಟ್ಟು, ಇನ್ನೊಂದು ಬ್ಯಾಟರಿ ತಂದು ಜೋಡಿಸುತ್ತಾರೆ. ಮಿಕ್ಸಿ ಹಾಕಿದರೆ ಪುನಃ ಅದೇ ಕೂಗು.

ಇದೇಕೆ ಹೀಗೆಂದು ತಿಳಿಯಲು ತೋಟದ ಸ್ಪ್ರಿಂಕ್ಲರನ್ನು ನೆನಪಿಸಿಕೊಂಡರೆ ಸಾಕು. ಬಾವಿ ತುಂಬ ನೀರಿದ್ದರೂ ಒಂದು ಎಚ್.ಪಿ. ಪಂಪಿನಿಂದ ಇಪ್ಪತ್ತು ಜೆಟ್ಟುಗಳನ್ನು ಒಟ್ಟಿಗೆ ಹಾರಿಸಲಾಗದು. ಬ್ಯಾಟರಿಯೆಂದರೆ ಬಾವಿ, ಇನ್ವರ್ಟರೆಂದರೆ ಪಂಪು. ಬ್ಯಾಟರಿ ಹೆಚ್ಚಿಸಿದರೆ ದೀಪ ಹೆಚ್ಚು ಹೊತ್ತು ಉರಿಯುತ್ತದೆಯೇ ಹೊರತು ಇನ್ವರ್ಟರ್ ಒಂದೇ ಸಲಕ್ಕೆ ಹೊರಬಲ್ಲ ಭಾರ ಹೆಚ್ಚಾಗುವುದಿಲ್ಲ.

ಆ ಭಾರ ಎಷ್ಟೆಂಬುದು ಇನ್ವರ್ಟರಿನ ಮೇಲೆಯೇ ಬರೆದಿರುತ್ತದೆ. ಆದರೆ ಅದು ವಿ.ಎ. ಲೆಕ್ಕದಲ್ಲಿ, ಮಿಕ್ಸಿಯ ಮೇಲಿರುವುದು ವ್ಯಾಟ್ ಲೆಕ್ಕ. 900 ವಿ.ಎ. ಎಂದಿದ್ದರೆ ಸುಮಾರು ಹತ್ತರಲ್ಲಿ ಎಂಟು ಪಾಲು, ಅಂದರೆ 720 ವ್ಯಾಟ್ ಎಂದು ತಿಳಿಯಬೇಕು. ಕೆಲವು ತಯಾರಿಕೆಗಳಲ್ಲಿ ಅದಕ್ಕೂ ಕಡಿಮೆ. ಇನ್ನು ನಾಲ್ಕು ಫ್ಯಾನಿಗೆ 300, ಹತ್ತು ಎಲ್.ಇ.ಡಿ. ದೀಪಕ್ಕೆ 90. ಉಳಿಯುವುದು 330. ಅದರ ಮೇಲೆ 500 ವ್ಯಾಟಿನ ಮಿಕ್ಸಿ ಹಾಕಿದರೆ ಏನಾದೀತೆಂದು ಶಾಲೆಯ ಮಕ್ಕಳೂ ಹೇಳಬಲ್ಲರು.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಮೋಟಾರು ಇರುವ ಯಾವ ಯಂತ್ರವೂ ನಿಂತಲ್ಲಿಂದ ತಿರುಗಲು ಹೊರಡುವ ಕ್ಷಣದಲ್ಲಿ ಬರೆದುದಕ್ಕಿಂತ ಬಹಳ ಹೆಚ್ಚು ಕರೆಂಟು ಎಳೆಯುತ್ತದೆ. ಹಳೆಯ ಮಾದರಿಯ ಫ್ರಿಜ್ಜು ಓಡುವಾಗ 150 ವ್ಯಾಟ್ ಸಾಕೆಂದರೂ ಶುರುವಾಗುವಾಗ ಅದರ ಹಲವು ಪಟ್ಟು ಬೇಡುತ್ತದೆ. ಮಿಕ್ಸಿ ಓಡುತ್ತಿರುವಾಗ ಫ್ರಿಜ್ಜು ತಾನಾಗಿ ಶುರುವಾದರೆ ಇನ್ವರ್ಟರ್ ಬಿದ್ದೇ ಬೀಳುತ್ತದೆ. "ನಿನ್ನೆ ಅರೆಯಿತು, ಇಂದು ಅರೆಯುವುದಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಬಿಸಿ ಮಾಡುವ ಉಪಕರಣಗಳ ಕತೆಯೇ ಬೇರೆ. ಇಸ್ತ್ರಿ ಪೆಟ್ಟಿಗೆ 1000, ಕರೆಂಟಿನ ಕೆಟಲ್ 1500, ಇಂಡಕ್ಷನ್ ಒಲೆ 1200ರಿಂದ 2000 ವ್ಯಾಟ್. ಇವು ಮನೆಬಳಕೆಯ ಸಣ್ಣ ಇನ್ವರ್ಟರಿನ ಕೆಲಸವಲ್ಲ. ಇಂಡಕ್ಷನನ್ನು 300ಕ್ಕೆ ಇಳಿಸಿ ಇಡುತ್ತೇವೆ ಎನ್ನುವವರಿದ್ದಾರೆ. ಕಡಿಮೆ ಬೆಲೆಯ ಹಲವು ಒಲೆಗಳು 300ಕ್ಕೆ ಇಟ್ಟಾಗಲೂ ಕೆಲವು ಸೆಕೆಂಡು ಸಾವಿರ ವ್ಯಾಟಿನಷ್ಟು ಎಳೆದು, ಕೆಲವು ಸೆಕೆಂಡು ಸುಮ್ಮನಿದ್ದು, ಸರಾಸರಿಯನ್ನು ಮಾತ್ರ 300 ಮಾಡುತ್ತವೆ. ಇನ್ವರ್ಟರಿಗೆ ಆ ಸಾವಿರವೇ ತಾಗುವುದು.

ದೊಡ್ಡ ಇನ್ವರ್ಟರ್ ತಂದರೂ ಬಾವಿಯ ನೀರಿನ ಪ್ರಶ್ನೆ ಉಳಿಯುತ್ತದೆ. 12 ವೋಲ್ಟಿನ 150 ಎ.ಎಚ್. ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇದೆ. ಆ 150 ಎಂಬುದು ಇಪ್ಪತ್ತು ಗಂಟೆ ಕಾಲ ನಿಧಾನವಾಗಿ ತೆಗೆದಾಗಿನ ಲೆಕ್ಕ. ರಭಸದಿಂದ ಎಳೆದರೆ ಅಷ್ಟು ಸಿಗದು. ಪ್ರತಿಸಲ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬ್ಯಾಟರಿಯ ಆಯುಷ್ಯವೂ ಇಳಿಯುತ್ತದೆ. ಒಂದು ಹೊತ್ತಿನ ಅನ್ನಕ್ಕಾಗಿ ರಾತ್ರಿಯ ದೀಪ ಕಳಕೊಳ್ಳುವುದು ಲಾಭದ ವ್ಯಾಪಾರವಲ್ಲ ಎಂದೇ ನಮ್ಮ ಅಭಿಪ್ರಾಯ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರೋ ಉಬ್ಬಸದ ಮಕ್ಕಳೋ ಇದ್ದು, ನೆಬ್ಯುಲೈಸರ್ ಇಟ್ಟುಕೊಂಡಿದ್ದರೆ ಅದಕ್ಕೆ ಬೇಕಾದಷ್ಟನ್ನು ಮೊದಲು ಉಳಿಸಿಡಬೇಕು.

ಹಾಗಾದರೆ ತೊಂದರೆ ಪಂಪಿನದೋ ಬಾವಿಯದೋ ಎಂದು ಕಂಡುಹಿಡಿಯುವುದು ಹೇಗೆ? ಬ್ಯಾಟರಿ ಪೂರ್ತಿ ಚಾರ್ಜಾದ ಹೊತ್ತಿನಲ್ಲಿ ಫ್ರಿಜ್ಜು, ಫ್ಯಾನು ಎಲ್ಲವನ್ನೂ ನಿಲ್ಲಿಸಿ, ಮೈನ್ ಆಫ್ ಮಾಡಿ, ಖಾಲಿ ಜಾರಿನ ಮಿಕ್ಸಿಯೊಂದನ್ನೇ ಹಾಕಿ ನೋಡಿರಿ. ಆಗಲೂ ಕೂಡಲೇ ಬಿದ್ದರೆ ಆ ಮಿಕ್ಸಿ ಆ ಇನ್ವರ್ಟರಿಗೆ ಭಾರ, ಇಲ್ಲವೇ ಬ್ಯಾಟರಿ ಪೂರ್ತಿ ಸೋತಿದೆ. ಖಾಲಿ ಜಾರು ತಿರುಗಿ, ತೆಂಗಿನಕಾಯಿ ತುಂಬಿದಾಗ ಬಿದ್ದರೆ ಜಾರು ಅರ್ಧ ಮಾತ್ರ ತುಂಬಿಸಿ, ಸ್ವಲ್ಪ ನೀರು ಸೇರಿಸಿ, ಒಂದನೇ ಸ್ಪೀಡಿನಲ್ಲಿ ಆರಂಭಿಸಿರಿ. ಮೊದಮೊದಲು ಅರೆದು ಗಂಟೆ ಕಳೆದ ಮೇಲೆ ಬೀಳುವುದಾದರೆ ಸಂಶಯ ಬ್ಯಾಟರಿಯ ಮೇಲೆ. ಮಲ್ಟಿಮೀಟರ್ ಇರುವ ವಯರ್‌ಮನ್‌ನನ್ನು ಕರೆಸಿದರೆ ಐದು ನಿಮಿಷದ ಕೆಲಸ: ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ವೋಲ್ಟಿನ ಹತ್ತಿರ ತೋರಿಸಬೇಕು. ಮಿಕ್ಸಿ ಓಡುವಾಗ 10.5ರ ಆಸುಪಾಸಿಗೆ ಇಳಿದರೆ ಇನ್ವರ್ಟರ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಇನ್ವರ್ಟರಿನ ತುದಿಯಲ್ಲೂ ಅಳೆಯಬೇಕು. ಬ್ಯಾಟರಿಯಲ್ಲಿರುವುದಕ್ಕಿಂತ ಅರ್ಧ ವೋಲ್ಟು ಕಡಿಮೆ ಕಂಡರೆ ದೋಷ ನಡುವಿನ ಕೇಬಲಿನದು ಅಥವಾ ಟರ್ಮಿನಲಿನದು. 700 ವ್ಯಾಟ್ ಭಾರಕ್ಕೆ ಆ ಕೇಬಲಿನಲ್ಲಿ ಹತ್ತಿರ ಹತ್ತಿರ 70 ಆಂಪಿಯರ್ ಹರಿಯುತ್ತದೆ. ಬೋಲ್ಟು ಸಡಿಲವಿದ್ದರೆ, ಬಿಳಿ ಹಸಿರು ಕಿಲುಬು ಹಿಡಿದಿದ್ದರೆ ಅಲ್ಲೇ ಕಾಯುತ್ತದೆ, ಕೆಲವೊಮ್ಮೆ ಉರಿಯುತ್ತದೆ. ಇನ್ವರ್ಟರ್ ಆಫ್ ಮಾಡಿ, ಕೇಬಲ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಒಣಗಿದ ಮೇಲೆ ಬಿಗಿ ಮಾಡಿ ವ್ಯಾಸಲಿನ್ ಸವರಬೇಕು. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು.

ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವ ಚಾಳಿ ಕೆಲವರಲ್ಲಿದೆ. ಫ್ಯೂಸ್ ಉಳಿದೀತು, ವಯರಿಂಗ್ ಉಳಿಯದು. ಇನ್ನೂ ಭಯಂಕರವಾದುದು, ಇನ್ವರ್ಟರ್ ಅಥವಾ ಜನರೇಟರಿನಿಂದ ಎರಡೂ ತುದಿಗೆ ಪ್ಲಗ್ಗಿರುವ ವಯರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟು ಕೊಡುವ ಉಪಾಯ. ಮೈನ್ ಆಫ್ ಮಾಡಲು ಮರೆತರೆ ಆ ಕರೆಂಟು ಹೊರಗಿನ ಲೈನಿಗೆ ಹತ್ತುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಮೇಲೇರಿ, ಮಳೆಯಲ್ಲಿ ನಮಗಾಗಿಯೇ ತಂತಿ ಜೋಡಿಸುತ್ತಿರುವ ಲೈನ್‌ಮ್ಯಾನ್‌ನ ಪ್ರಾಣ ತೆಗೆಯಬಲ್ಲದು. ಛಾವಣಿಯ ಸೋಲಾರನ್ನು ಬ್ಯಾಟರಿಯಿಲ್ಲದೆ ಕೆ.ಎಸ್.ಇ.ಬಿ. ಲೈನಿಗೆ ಜೋಡಿಸಿದವರ ಮನೆಯಲ್ಲಿ ಲೈನು ಹೋದೊಡನೆ ಸೋಲಾರೂ ನಿಲ್ಲುವುದು ಇದೇ ಕಾರಣಕ್ಕೆ, ಅದು ಕೆಟ್ಟಿರುವುದಲ್ಲ.

ಬ್ಯಾಟರಿಯನ್ನು ಅಡುಗೆಮನೆಯ ಮೂಲೆಯಲ್ಲಿ ಇಡಬಾರದು. ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ, ಒಂದು ಕಿಡಿ ಸಾಕು. ಗಾಳಿಯಾಡುವ ಜಗಲಿಯೋ ಚಾವಡಿಯ ಬದಿಯೋ ಒಳ್ಳೆಯದು. ಆಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹರಿಸಿ, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಎಣ್ಣೆ, ಹಾಲು ಹಾಕುತ್ತ ಹೊತ್ತು ಕಳೆಯಬಾರದು.

ಅನ್ನದ ಚಿಂತೆಗೆ ಇನ್ವರ್ಟರನ್ನು ಕಾಡಬೇಕಾಗಿಯೂ ಇಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹಳ್ಳಿ ಹಳ್ಳಿಗೆ ಪರಿಚಯಿಸಿದ 'ಚೂಡಾರಾಪ್ಪೆಟ್ಟಿ', ಅಂದರೆ ಬಿಸಿ ಆರದ ಪೆಟ್ಟಿಗೆ, ನಮ್ಮಲ್ಲಿ ಕೆಲವರ ಅಟ್ಟದಲ್ಲಿ ಇನ್ನೂ ಇರಬಹುದು. ಅಂಗಡಿಗಳಲ್ಲಿ ಸ್ಟೀಲಿನದೂ ಸಿಗುತ್ತದೆ. ನೆನೆಹಾಕಿದ ಕುಚ್ಚಲಕ್ಕಿಯನ್ನು ಗ್ಯಾಸಿನಲ್ಲೋ ತೆಂಗಿನ ಗೆರಟೆಯ ಬೆಂಕಿಯಲ್ಲೋ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯ ಮುಚ್ಚಳ ತೆಗೆಯದೆ ಪೆಟ್ಟಿಗೆಯೊಳಗಿಟ್ಟು ಒಂದೂವರೆ ಗಂಟೆ ಬಿಟ್ಟರೆ ಗಂಜಿಯ ಹದಕ್ಕೆ ಬೆಂದಿರುತ್ತದೆ. ಅಕ್ಕಿ ಹಳೆಯದಾಗಿದ್ದರೆ ಐದು ನಿಮಿಷ ಹೆಚ್ಚು ಕುದಿಸಿರಿ.