ಘಟ್ಟದ ಅಂಚಿನಿಂದ ಮೂರು ನೋಟಗಳು

ಪ್ರಕೃತಿಸೌಂದರ್ಯವನ್ನು ನೋಡುವುದಕ್ಕೆಂದೇ ಪ್ರವಾಸ ಹೊರಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದಲ್ಲ. ನಮ್ಮ ಹಿರಿಯರೂ ಬೆಟ್ಟಗಳನ್ನು ಹತ್ತಿದರು. ಆದರೆ ಅವರು ಹತ್ತಿದುದು ದೇವರ ದರ್ಶನಕ್ಕಾಗಿ. ಶಿಖರದಲ್ಲಿ ಗುಡಿಯಿದ್ದಿತು, ದರ್ಶನ ಮುಗಿಸಿ ಹೊರಗೆ ಬಂದು ನಿಂತಾಗ ಕಾಣುವ ದೇಶವಿಸ್ತಾರವು ಕೇಳದೆಯೇ ದೊರೆತ ಲಾಭವಾಗಿದ್ದಿತು. ಈಗ ಆ ಕ್ರಮ ಬದಲಾಗಿದೆ. ನೋಟಕ್ಕೆಂದೇ ಕಟ್ಟೆ ಕಟ್ಟಿ, ಕಂಬಿ ಹಾಕಿ, ಹೆಸರಿನ ಹಲಗೆ ನೆಟ್ಟ ಸ್ಥಳಗಳು ನಾಡಿನಲ್ಲೆಲ್ಲ ಆಗಿವೆ. ಜನರು ಮೋಟಾರಿನಲ್ಲಿ ಬರುತ್ತಾರೆ, ಐದು ನಿಮಿಷ ನಿಲ್ಲುತ್ತಾರೆ, ಚಿತ್ರ ತೆಗೆದುಕೊಂಡು ಮುಂದಿನ ಸ್ಥಳಕ್ಕೆ ಹೋಗುತ್ತಾರೆ. ಸಂತೋಷಪಡುವವರನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಂಥ ಕಟ್ಟೆಯ ಮೇಲೆ ನಿಂತಾಗ ನಾವು ನೋಡುವುದು ನಿಜವಾಗಿ ಏನನ್ನು? ಅದು ಹಾಗೆ ಕಾಣುವುದು ಏತಕ್ಕೆ? ಅಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳದಿರುವುದು ಏನು? ಈ ಪ್ರಶ್ನೆಗಳನ್ನು ಕೇಳಿಕೊಂಡವರಿಗೆ ನೋಟದ ಸುಖ ಇಮ್ಮಡಿಯಾಗುವುದೆಂಬುದು ನಮ್ಮ ನಂಬಿಕೆ. ಸಹ್ಯಾದ್ರಿಯ ಮೂರು ಪ್ರಸಿದ್ಧ ಸ್ಥಳಗಳನ್ನು ತೆಗೆದುಕೊಂಡು ಅದನ್ನು ಸ್ವಲ್ಪ ವಿವರಿಸಲು ಯತ್ನಿಸುತ್ತೇವೆ.

ಈ ಸ್ಥಳಗಳು ಮುಳ್ಳಯ್ಯನಗಿರಿ, ಆಗುಂಬೆ ಮತ್ತು ಜೋಗ. ಮಳೆಗಾಲ ಕಳೆದ ಮೇಲೆ, ಕಾರ್ತಿಕಮಾಸದಲ್ಲಿ, ಇವುಗಳನ್ನು ನಾಲ್ಕು ದಿನಗಳ ಒಂದೇ ಪ್ರವಾಸದಲ್ಲಿ ನೋಡುವ ಅವಕಾಶ ನಮಗೆ ಒದಗಿತು. ಚಿಕ್ಕಮಗಳೂರಿನಿಂದ ಹೊರಟು, ಕೊಪ್ಪ, ಶೃಂಗೇರಿಗಳ ಮೇಲೆ ಆಗುಂಬೆಗೆ ಬಂದು, ಅಲ್ಲಿಂದ ತೀರ್ಥಹಳ್ಳಿ, ಸಾಗರಗಳ ಮಾರ್ಗವಾಗಿ ಜೋಗವನ್ನು ಸೇರಿದೆವು. ಜೊತೆಯಲ್ಲಿದ್ದವರು ಸಾಗರದ ಕಡೆಯ ಮಿತ್ರರೊಬ್ಬರು. ಅರವತ್ತು ದಾಟಿದವರು, ಅಡಕೆ ತೋಟದವರು, ಮಿತಭಾಷಿಗಳು. ನಾವು ಪುಸ್ತಕದಲ್ಲಿ ಓದಿದುದನ್ನು ಹೇಳುತ್ತಿದ್ದೆವು. ಅವರು ಕೇಳಿ, ನಡುನಡುವೆ ಒಂದೊಂದು ಪ್ರಶ್ನೆ ಹಾಕುತ್ತಿದ್ದರು. ಪ್ರವಾಸದ ಲಾಭದಲ್ಲಿ ಹೆಚ್ಚಿನ ಪಾಲು ಆ ಪ್ರಶ್ನೆಗಳಿಂದ ಬಂದುದು.

ಮೊದಲನೆಯದು ಮುಳ್ಳಯ್ಯನಗಿರಿ. ಸುಮಾರು 6,300 ಅಡಿ ಎತ್ತರದ ಈ ಶಿಖರವು ಕರ್ನಾಟಕದಲ್ಲೆಲ್ಲ ಅತ್ಯುನ್ನತವಾದುದು. ಅರ್ಧಚಂದ್ರಾಕಾರದಲ್ಲಿ ಬಾಗಿರುವ ಬಾಬಾಬುಡನ್ ಶ್ರೇಣಿಯಲ್ಲಿ ಇದು ಸೇರಿದೆ; ಆ ಶ್ರೇಣಿಗೆ ಚಂದ್ರದ್ರೋಣವೆಂಬ ಹೆಸರೂ ಉಂಟು. 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಅರಬ್ಬರ ನಾಡಿನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂದು ಪ್ರತೀತಿ. ಮೋಟಾರನ್ನು ಕೆಳಗೆ ಬಿಟ್ಟು ಮೆಟ್ಟಿಲುಗಳನ್ನೇರಿ ನೆತ್ತಿಯ ಗುಡಿಯ ಬಳಿ ನಿಂತರೆ ಎರಡು ನಾಡುಗಳು ಕಾಣುತ್ತವೆ. ಪಡುವಣಕ್ಕೆ ಒಂದರ ಹಿಂದೊಂದಾಗಿ ಬೆಟ್ಟಗಳ ಸಾಲು, ಕಾಡು, ಕಾಫಿಯ ತೋಟ. ಮೂಡಣಕ್ಕೆ ಬಯಲು, ಹೊಲ, ಅಲ್ಲಲ್ಲಿ ಬಿಸಿಲಿಗೆ ಹೊಳೆಯುವ ಕೆರೆಗಳು. ಒಂದೇ ಸ್ಥಳದಲ್ಲಿ ನಿಂತು ಮುಖ ತಿರುಗಿಸುವುದರೊಳಗಾಗಿ ಮಲೆನಾಡು ಮುಗಿದು ಮೈದಾನವು ಆರಂಭವಾಗುವುದು.

ಇದಕ್ಕೆ ಕಾರಣ ಗಾಳಿ ಮತ್ತು ಗೋಡೆ. ನೈಋತ್ಯ ಮಾರುತವು ಕಡಲಿನ ತೇವವನ್ನು ಹೊತ್ತು ಬಂದು ಸಹ್ಯಾದ್ರಿಗೆ ತಾಗಿ ಮೇಲಕ್ಕೇರುತ್ತದೆ. ಏರಿದ ಗಾಳಿ ತಣಿಯುವುದು. ತಣಿದ ಗಾಳಿ ತೇವವನ್ನು ಹಿಡಿದಿರಲಾರದೆ ಮಳೆಯಾಗಿ ಬಿಡುವುದು. ಬೆಟ್ಟವನ್ನು ದಾಟುವ ಹೊತ್ತಿಗೆ ಅದರ ಗಂಟು ಬರಿದಾಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 300 ಅಂಗುಲದ ಆಸುಪಾಸಿನಲ್ಲಿ ಮಳೆ; ಅದೇ ಮಾರುತವು ಕಡೂರನ್ನು ಮುಟ್ಟುವಾಗ ವರ್ಷದ ಲೆಕ್ಕ 25 ಅಂಗುಲದ ಸುತ್ತಮುತ್ತ. ಪಡುವಣದವರು ನೀರನ್ನು ಹೊರಗೆ ಹರಿಸಲು ಕಾಲುವೆ ತೋಡಿದರು, ಮೂಡಣದವರು ನೀರನ್ನು ಹಿಡಿದಿಡಲು ಕೆರೆ ಕಟ್ಟಿದರು. ಶಿಖರದಿಂದ ಕಾಣುವ ಆ ಹೊಳೆಯುವ ಕೆರೆಗಳು ಬಯಲುನಾಡಿನ ಜನರ ಜಾಣ್ಮೆಗೂ ಕಷ್ಟಕ್ಕೂ ಸಾಕ್ಷಿಗಳು.

ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುವುದೆಂದು ನಮ್ಮ ಮಿತ್ರರು ಕೇಳಿದರು. ಶ್ರೇಣಿಯ ಮೂಡಣ ಮೈಯ ನೀರು ವೇದಾವತಿಗೆ ಸೇರುತ್ತದೆ, ಪಡುವಣ ಮೈಯ ನೀರು ಭದ್ರೆಗೆ. ಎರಡೂ ಕೊನೆಗೆ ತುಂಗಭದ್ರೆಯನ್ನೂ ಆ ಮೂಲಕ ಕೃಷ್ಣೆಯನ್ನೂ ಕೂಡಿ ಬಂಗಾಳ ಕೊಲ್ಲಿಗೆ ಹರಿಯುತ್ತವೆ. ಪಡುವಣ ಕಡಲು ನೇರವಾಗಿ ಎಪ್ಪತ್ತು ಮೈಲಿಯೊಳಗೇ ಇದ್ದರೂ ನೀರು ದೇಶವನ್ನೆಲ್ಲ ಅಡ್ಡಹಾಯ್ದು ಮೂಡಣ ಕಡಲಿಗೆ ಹೋಗುವುದು. ನಮ್ಮ ಪ್ರಸ್ಥಭೂಮಿಯು ಒಂದು ಕಡೆ ಎತ್ತಿ ಹಿಡಿದ ಮೊರದಂತೆ ಮೂಡಣಕ್ಕೆ ವಾಲಿದೆ. ಎತ್ತಿದ ಅಂಚೇ ಸಹ್ಯಾದ್ರಿ. ಆ ಅಂಚನ್ನು ಕಣ್ಣಾರೆ ನೋಡಬೇಕಾದರೆ ಆಗುಂಬೆಗೆ ಹೋಗಬೇಕು.

ಆಗುಂಬೆಯ ಊರಿನಿಂದ ಸ್ವಲ್ಪ ಮುಂದೆ ರಸ್ತೆಯು ಒಮ್ಮೆಗೇ ಕೆಳಗಿಳಿಯತೊಡಗುತ್ತದೆ. ಹದಿನಾಲ್ಕು ತಿರುವುಗಳಲ್ಲಿ ಸುತ್ತಿ ಸುತ್ತಿ ಅದು ಸೋಮೇಶ್ವರಕ್ಕೆ ಇಳಿಯುವುದು. ಆ ಇಳಿತದ ಆರಂಭದಲ್ಲಿಯೇ ಸೂರ್ಯಾಸ್ತವನ್ನು ನೋಡುವ ಕಟ್ಟೆಯಿದೆ. ಸಂಜೆಗೆ ಅಲ್ಲಿ ನಿಲ್ಲಲು ಎಡೆಯಿರುವುದಿಲ್ಲ. ಕಾಲಿನ ಕೆಳಗೆ ಕಾಡು, ಅದರಾಚೆಗೆ ಕರಾವಳಿಯ ಬಯಲು, ಆಕಾಶವು ತಿಳಿಯಾಗಿದ್ದರೆ ಕೊನೆಯಲ್ಲಿ ಕಡಲಿನ ಬೆಳ್ಳಿಯ ಗೆರೆ.

ಅಷ್ಟು ದೂರದ ಕಡಲು ಕಾಣುವುದು ಹೇಗೆ? ಭೂಮಿಯು ಗುಂಡಾಗಿರುವುದರಿಂದ ನಮ್ಮ ದೃಷ್ಟಿಗೆ ಒಂದು ಎಲ್ಲೆಯುಂಟು. ಎತ್ತರ ಹೆಚ್ಚಿದಂತೆ ಅದು ಹಿಂದೆ ಸರಿಯುತ್ತದೆ. ಇದಕ್ಕೊಂದು ಸುಲಭವಾದ ಲೆಕ್ಕವಿದೆ. ನಿಂತ ಎತ್ತರವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ಕಂಡುಹಿಡಿದು, ಆ ಸಂಖ್ಯೆಗೆ ಅದರ ಕಾಲು ಭಾಗವನ್ನು ಕೂಡಿಸಿದರೆ ದಿಗಂತದ ದೂರವು ಹೆಚ್ಚುಕಡಿಮೆ ಮೈಲಿಗಳಲ್ಲಿ ಬರುವುದು. ಕಡಲ ದಂಡೆಯಲ್ಲಿ ನಿಂತವನಿಗೆ ದಿಗಂತವು ಮೂರು ಮೈಲಿಯ ಒಳಗೇ ಮುಗಿಯುತ್ತದೆ. ಆಗುಂಬೆಯ ಎತ್ತರ ಸುಮಾರು 2,100 ಅಡಿ; ಅದರ ವರ್ಗಮೂಲ 46ಕ್ಕೆ ಹತ್ತಿರ; ಕಾಲು ಭಾಗ ಕೂಡಿಸಿದರೆ 57 ಮೈಲಿ. ಕಡಲ ದಂಡೆಯಾದರೋ ನೇರವಾಗಿ ಮೂವತ್ತು ಮೈಲಿಯೊಳಗೆ ಇದೆ. ಆದುದರಿಂದ ಅಲ್ಲಿ ಕಡಲು ಕಾಣುವುದರಲ್ಲಿ ಸೋಜಿಗವಿಲ್ಲ. ಕಾಣದಿದ್ದರೆ ಅದು ಧೂಳು ಮತ್ತು ಮಂಜಿನ ದೋಷ. ಮಳೆಯು ಗಾಳಿಯನ್ನು ತೊಳೆದು ಬಿಟ್ಟ ಅನಂತರದ ಒಂದೆರಡು ತಿಂಗಳುಗಳೇ ದೂರದ ನೋಟಕ್ಕೆ ಉತ್ತಮ ಕಾಲ. ಅಷ್ಟೇ ಎತ್ತರದಲ್ಲಿ ನಿಂತವನಿಗೆ, ಅದೇ ರೇಖಾಂಶದಲ್ಲಿ ಕಡಲ ಮಟ್ಟದಲ್ಲಿರುವವನಿಗಿಂತ ಸುಮಾರು ಮೂರು ನಿಮಿಷ ಹೆಚ್ಚು ಹೊತ್ತು ಸೂರ್ಯನು ಕಾಣುವನೆಂಬುದೂ ಇದೇ ಲೆಕ್ಕದ ಫಲ.

ಸೂರ್ಯನು ಕೆಳಗಿಳಿದಂತೆ ಬಿಂಬವು ಅದುಮಿದ ಹಾಗೆ ಚಪ್ಪಟೆಯಾಗುವುದನ್ನು ಎಲ್ಲರೂ ನೋಡಿರಬಹುದು. ದಿಗಂತದ ಬಳಿ ಬೆಳಕು ದಟ್ಟವಾದ ಗಾಳಿಯ ಪದರಗಳನ್ನು ಹಾದು ಬರುವಾಗ ಬಾಗುತ್ತದೆ. ಬಿಂಬದ ಕೆಳಗಿನ ಅಂಚಿನಿಂದ ಬರುವ ಬೆಳಕು ಮೇಲಿನದಕ್ಕಿಂತ ಹೆಚ್ಚು ಬಾಗಿ, ಆ ಅಂಚನ್ನು ಮೇಲಕ್ಕೆತ್ತಿ ತೋರಿಸುತ್ತದೆ. ಈ ಬಾಗುವಿಕೆಯು ಸುಮಾರು ಅರ್ಧ ಅಂಶದಷ್ಟು. ಸೂರ್ಯಬಿಂಬದ ಅಗಲವೂ ಅಷ್ಟೇ. ಎಂದರೆ, ಬಿಂಬವು ದಿಗಂತವನ್ನು ಆಗ ತಾನೇ ಮುಟ್ಟಿದಂತೆ ನಮಗೆ ತೋರುವಾಗ, ನಿಜವಾದ ಸೂರ್ಯನು ದಿಗಂತದ ಕೆಳಗೆ ಸೇರಿಯಾಗಿದೆ. ಜನರು ಕೈಮುಗಿದು ಬೀಳ್ಕೊಡುವುದು ಅವನ ಬಿಂಬವನ್ನು ಮಾತ್ರ. ಇದನ್ನು ಹೇಳಿದಾಗ ನಮ್ಮ ಮಿತ್ರರು ಸುಮ್ಮನಿದ್ದು, "ಹಾಗಾದರೆ ಮೇಷ್ಟ್ರೆ, ಇಲ್ಲದ್ದು ಕಾಣುವುದೂ ಉಂಟು ಅನ್ನಿ" ಎಂದರು. ಉಂಟು ಎಂದೆವು.

ಈ ಅಂಚು ಉಂಟಾದ ಕಥೆಯೂ ಇಲ್ಲಿಂದಲೇ ಕಾಣುತ್ತದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ದ್ವೀಪವು ನಮ್ಮ ಪಶ್ಚಿಮ ತೀರದಿಂದ ಬೇರ್ಪಟ್ಟಿತು. ಬಿರುಕು ಬಿಟ್ಟ ಕಾಲದಲ್ಲಿ ಉಕ್ಕಿದ ಲಾವಾ ತಣಿದು ನಿಂತ ಕಂಬಶಿಲೆಗಳು ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಇಂದಿಗೂ ಇವೆ. ಒಡೆದ ನೆಲದ ಅಂಚನ್ನು ಮಳೆಯೂ ಹೊಳೆಗಳೂ ಕೋಟ್ಯಂತರ ವರ್ಷ ಕೊರೆದು ಕೊರೆದು ಒಳನಾಡಿಗೆ ತಳ್ಳಿವೆ. ನಾವು ನಿಂತ ಘಟ್ಟಕ್ಕೂ ಕಡಲಿಗೂ ನಡುವಣ ಬಯಲು ಹೀಗೆ ತೆರವಾದ ನೆಲ. ಮೂಡಣಕ್ಕೆ ಹರಿಯುವ ಹೊಳೆಗಳು ದೀರ್ಘವಾಗಿ ನಿಧಾನವಾಗಿವೆ. ಪಡುವಣಕ್ಕೆ ಹರಿಯುವವು ಮೋಟಾಗಿ ರಭಸವಾಗಿವೆ. ಆ ರಭಸದ ಉತ್ತಮ ನಿದರ್ಶನವೇ ಶರಾವತಿ.

ತೀರ್ಥಹಳ್ಳಿಯ ಸಮೀಪದ ಅಂಬುತೀರ್ಥದಲ್ಲಿ ಹುಟ್ಟಿ, ಎಂಬತ್ತು ಮೈಲಿ ಹರಿದು, ಹೊನ್ನಾವರದಲ್ಲಿ ಕಡಲನ್ನು ಕೂಡುವ ಈ ನದಿಯು ಜೋಗದಲ್ಲಿ 830 ಅಡಿಗಳ ಆಳಕ್ಕೆ ಧುಮುಕುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನು ನೋಡದಿದ್ದವರೂ ಕೇಳಿದ್ದಾರೆ. ಒಂದು ಕಾಲದಲ್ಲಿ ಈ ಕಣಿವೆಯೇ ಗಡಿ. ಒಂದು ದಡ ಮೈಸೂರು ಸಂಸ್ಥಾನ, ಇನ್ನೊಂದು ಮುಂಬಯಿ ಪ್ರಾಂತ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಎರಡು ದಡಗಳೂ ಒಂದಾದವು.

ಕಾರ್ತಿಕದಲ್ಲಿ ನಾವು ಕಂಡುದು ಎತ್ತರವಾದ ಕರಿಯ ಬಂಡೆ, ಅದರ ಮೇಲೆ ನಾಲ್ಕು ಬಿಳಿಯ ಎಳೆಗಳು. ಬಳಿಯಲ್ಲಿದ್ದ ಪ್ರವಾಸಿಗರೊಬ್ಬರು ಮೋಸವಾಯಿತೆಂದು ಗೊಣಗಿದರು. ನೀರು ಎಲ್ಲಿಯೂ ಕಳೆದುಹೋಗಿಲ್ಲ. 1948ರಲ್ಲಿ ಇಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. ಅದಕ್ಕಾಗಿ ಮೇಲ್ಗಡೆ ಹಿರೇಭಾಸ್ಕರದ ಅಣೆಕಟ್ಟನ್ನು ಕಟ್ಟಿದ್ದರು. 1964ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಂಗನಮಕ್ಕಿಯ ಅಣೆ ಸಿದ್ಧವಾಗಿ, ಹಳೆಯ ಅಣೆಯೇ ಹೊಸ ಜಲಾಶಯದಲ್ಲಿ ಮುಳುಗಿತು. ಈಗ ಹೊಳೆಯ ಬಹುಪಾಲು ನೀರು ಬಂಡೆಯ ಮೇಲಿಂದ ಧುಮುಕುವುದಕ್ಕೆ ಬದಲಾಗಿ ಕೊಳವೆಗಳಲ್ಲಿ ಇಳಿದು ಚಕ್ರಗಳನ್ನು ತಿರುಗಿಸುತ್ತದೆ. ಶರಾವತಿ ವಿದ್ಯುದಾಗಾರವೊಂದರ ಸಾಮರ್ಥ್ಯವೇ 1,035 ಮೆಗಾವಾಟ್. ನಗರದಲ್ಲಿ ದೀಪ ಹೊತ್ತಿಸಿ, ಬಾನುಲಿಯ ಗುಂಡಿ ತಿರುಗಿಸುವ ನಾವು ಜಲಪಾತದ ಒಂದು ಪಾಲನ್ನು ಮನೆಯಲ್ಲಿಯೇ ಅನುಭವಿಸುತ್ತಿದ್ದೇವೆ. ಜೋಗದಲ್ಲಿ ನೀರು ಸಾಲದೆಂದು ದೂರುವಾಗ ಇದು ನೆನಪಿನಲ್ಲಿರಬೇಕು.

ಅಲ್ಲಿಂದ ನಾವು ಜಲಾಶಯದ ಹಿನ್ನೀರಿನ ಕಡೆಗೆ ಹೋದೆವು. ಪ್ರವಾಸಿಗರ ಪಟ್ಟಿಯಲ್ಲಿ ಇದೂ ಒಂದು ಸುಂದರ ಸ್ಥಳವೆಂದು ಸೇರಿದೆ. ನೋಟವು ಸುಂದರವಾಗಿಯೇ ಇದ್ದಿತು. ಕಣ್ಣು ಹಾಯುವವರೆಗೆ ನೀಲಿ ನೀರು, ನಡುವೆ ಹಸುರು ದ್ವೀಪಗಳು. ನಾವು ಹೊಗಳುತ್ತಿದ್ದಾಗ ಮಿತ್ರರು ಒಂದು ದ್ವೀಪದ ಕಡೆಗೆ ಬೆರಳು ತೋರಿಸಿದರು. "ಅದು ದ್ವೀಪವಲ್ಲ ಮೇಷ್ಟ್ರೆ, ಗುಡ್ಡದ ನೆತ್ತಿ. ಅದರ ಬುಡದಲ್ಲಿ ನಮ್ಮ ತಾಯಿಯ ತವರುಮನೆ. ಮನೆಯ ಕೆಳಗೆ ತೋಟ, ತೋಟದ ಕೆಳಗೆ ಗದ್ದೆ, ಗದ್ದೆ ದಾಟಿದರೆ ಹೊಳೆ. ಅವ್ವ ಇಲ್ಲಿಗೆ ಬಂದಾಗಲೆಲ್ಲ ಹೀಗೆ ಬೆರಳಿನಲ್ಲಿ ಗುರುತು ಹಿಡಿಯುತ್ತಿದ್ದರು. ನೀರನ್ನು ಅವರು ನೋಡುತ್ತಲೇ ಇರಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: "ಆಗುಂಬೆಯಲ್ಲಿ ಇಲ್ಲದ್ದು ಕಂಡಿತು. ಇಲ್ಲಿ ಇದ್ದದ್ದು ಕಾಣುವುದಿಲ್ಲ."

ಆ ಕಣಿವೆಯಿಂದ ಸಾವಿರಾರು ಕುಟುಂಬಗಳು ಎದ್ದು ಹೋದವು. ಅವರಲ್ಲಿ ಅನೇಕರಿಗೆ, ನೆಲೆಸಿದ ಭೂಮಿಯ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಪೂರ್ತಿಯಾಗಿ ತೀರಿಲ್ಲ. ನೀರಿನ ಆಚೆ ಉಳಿದ ತುಮರಿಯ ಕಡೆಯ ಊರುಗಳಿಗೆ ಸಾಗರದಿಂದ ಹತ್ತಿರದ ದಾರಿಯೆಂದರೆ ಲಾಂಚೇ ಆಗಿತ್ತು. ಸಿಗಂದೂರಿನ ಮಾರ್ಗದಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ರ ಜುಲೈಯಲ್ಲಿ. ನಾಡಿಗೆ ಬೆಳಕು ಬೇಕಾಗಿದ್ದಿತು, ಅದು ಬಂದಿತು. ಆ ಬೆಳಕಿನ ಬೆಲೆಯನ್ನು ತೆತ್ತವರು ಯಾರೆಂಬುದು ನೋಟದ ಕಟ್ಟೆಯ ಮೇಲಿನ ಹಲಗೆಯಲ್ಲಿ ಬರೆದಿರುವುದಿಲ್ಲ.

ಇದರಿಂದ ಪ್ರವಾಸಿಗೆ ದೊರೆಯುವ ಉಪದೇಶ ಸರಳವಾದುದು. ಮಳೆ ನಿಂತ ಮೇಲೆ ಹೊರಡಿರಿ, ಸ್ಥಳಗಳನ್ನು ಕಡಿಮೆ ಮಾಡಿ ಹೊತ್ತನ್ನು ಹೆಚ್ಚು ಮಾಡಿರಿ, ನಕ್ಷೆಯೊಂದು ಕೈಯಲ್ಲಿರಲಿ. ನೀರು ಯಾವ ಕಡೆ ಹರಿಯುವುದು, ಗಾಳಿ ಯಾವ ಕಡೆಯಿಂದ ಬರುವುದು ಎಂಬೆರಡನ್ನು ಕೇಳಿದರೆ ನೋಟದ ಅರ್ಧ ಅರ್ಥವಾಗುವುದು. ಉಳಿದ ಅರ್ಧವು ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಸಾಧ್ಯವಾದರೆ ಆ ಸೀಮೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಇಲ್ಲವಾದರೆ ದಾರಿಯ ಚಹದಂಗಡಿಯಲ್ಲಿ ಕುಳಿತ ಮುದುಕರನ್ನಾದರೂ, ಇಲ್ಲಿ ಮೊದಲು ಏನಿತ್ತೆಂದು ವಿಚಾರಿಸಿರಿ. ಅವರು ಬೆರಳು ತೋರಿಸಿದ ಕಡೆಗೆ ಒಂದು ಗಳಿಗೆ ನೋಡುವುದು ನೋಟಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.