ವರ್ಚುವಲ್ ಅನಲಾಗ್ ಸಿಂಥ್: ಗುಣವೇನು, ದೋಷವೇನು?

ಪ್ರಶ್ನೆ: ವರ್ಚುವಲ್ ಅನಲಾಗ್ ಸಿಂಥಸೈಜರ್ ನಿಜವಾದ ಅನಲಾಗ್‌ಗೆ ಸಮವೇ?

ಉತ್ತರ: ಅದನ್ನು ಬರೀ ನಕಲೆಂದು ಅಳೆಯುವುದೇ ತಪ್ಪು, ಅದು ಬೇರೆಯೇ ವಾದ್ಯ. 1970ರ ಅನಲಾಗ್ ಸಿಂಥ್ ಮಿನಿಮೂಗ್ ಒಮ್ಮೆಗೆ ಒಂದೇ ಸ್ವರ ನುಡಿಸುತ್ತಿತ್ತು, ತಾಪಮಾನ ಬದಲಾದರೆ ಶ್ರುತಿ ಜಾರುತ್ತಿತ್ತು. 1995ರಲ್ಲಿ ಸ್ವೀಡನ್ನಿನ ಕ್ಲಾವಿಯಾ ಕಂಪನಿ ತಂದ ವರ್ಚುವಲ್ ಅನಲಾಗ್ ಸಿಂಥ್ ನಾರ್ಡ್ ಲೀಡ್, ಅಂಥ ಅನಲಾಗ್ ಸರ್ಕ್ಯೂಟಿನ ವರ್ತನೆಯನ್ನು ಚಿಪ್ಪಿನೊಳಗಿನ ಲೆಕ್ಕವಾಗಿಸಿತು: ಹಲವು ಸ್ವರಗಳು ಒಟ್ಟಿಗೆ ನುಡಿದವು, ಶ್ರುತಿ ಕದಲಲಿಲ್ಲ. ದೌರ್ಬಲ್ಯವೂ ಆ ಲೆಕ್ಕದಲ್ಲೇ ಇದೆ. ತಾರಸ್ಥಾಯಿಯಲ್ಲಿ ಸ್ಯಾಂಪಲಿಂಗ್ ಮಿತಿ ಮೀರಿದ ಉಪಸ್ವರಗಳು ಕೆಳಕ್ಕೆ ಮಡಚಿಕೊಂಡು, ಸ್ವರಕ್ಕೆ ಹೊಂದದ ಕರ್ಕಶ ಸದ್ದಾಗುತ್ತವೆ. ‘ಲೆಕ್ಕವೇ ಆದರೆ ಕಂಪ್ಯೂಟರ್ ಸಾಫ್ಟ್‌ವೇರ್ ಸಾಲದೇ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ನಾದದ ಮಟ್ಟಿಗೆ ಸಾಫ್ಟ್‌ವೇರ್ ಸಾಕು. ಆದರೆ ಕಿವಿ ಬಯಸಿದ ಬದಲಾವಣೆಯನ್ನು ಕೈ ತಕ್ಷಣ ಮಾಡಲು ಎದುರಿಗೇ ನಾಬ್‌ಗಳಿರಬೇಕು. ಹಾಗಾಗಿ ವೇದಿಕೆಯಲ್ಲಿ ನುಡಿಸುವವರಿಗೆ ನಾಬ್‌ಗಳುಳ್ಳ ಈ ಯಂತ್ರ ಖಂಡಿತ ಯೋಗ್ಯ.